ಲೊಸಾಳ ನಿದ್ದೆಗೊಂದು ಸಮಿತಿ

ಲೊಸಾ ಮಾಡಿದ ತಪ್ಪು ಒಂದೇ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ, ಪಾದ್ರಿಗಳ ಪ್ರಸಂಗದ ನಡುವೆ ನಿದ್ದೆ ಹೋದಳು.

ಪ್ರಸಂಗದ ಹೊತ್ತಿನ ನಿದ್ದೆ ಕಡಲ ನಡುವಿನ ದ್ವೀಪದ ಹಳ್ಳಿ ಸಾತಾಫಾಕ್ಕೆ ಹೊಸದಲ್ಲ. ಗಂಡಸರ ಕಡೆಯ ಕೊನೆಯ ಬೆಂಚು ಇರುವುದೇ ಅದಕ್ಕೆ. ಆದರೆ ಅಲ್ಲಿ ಕೂರುವವರೆಲ್ಲ ಪಳಗಿದವರು. ಬೆನ್ನು ನೆಟ್ಟಗಿಟ್ಟು, ಕಣ್ಣು ಅರ್ಧ ತೆರೆದು ನಿದ್ರಿಸುತ್ತಾರೆ. 'ಆಮೆನ್' ಬರಬೇಕಾದ ಕಡೆ ತಪ್ಪದೆ 'ಆಮೆನ್' ಅನ್ನುತ್ತಾರೆ. ಲೊಸಾಗೆ ಆ ವಿದ್ಯೆ ಬಾರದು. ಮೇಲಾಗಿ ಅವಳು ಕೂತದ್ದು ಮುಂದುಗಡೆ, ಹಾಡುವವರ ಸಾಲಿನಲ್ಲಿ, ಇಡೀ ಊರಿನ ಕಣ್ಣೆದುರಿಗೆ. ಮೊದಲು ತಲೆ ವಾಲಿತು. ಆಮೇಲೆ ತಲೆಯ ಮೇಲಿದ್ದ ಬಿಳಿ ಟೋಪಿ ಜಾರಿ, ಎಂಟು ತಿಂಗಳ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ಉರುಳಿ ಮುಂದಿನವರ ಕಾಲಬಳಿಗೆ ಹೋಯಿತು. ಅದೇ ಹೊತ್ತಿಗೆ ಪಾದ್ರಿಗಳು ಎರಡೂ ಕೈ ಎತ್ತಿ, "ಪ್ರಿಯರೇ, ಕರ್ತನು ಕರೆದಾಗ ನಾವು ಏನೆಂದು ಉತ್ತರ ಕೊಡುತ್ತೇವೆ?" ಎಂದು ಕೇಳಿ, ಎಲ್ಲರೂ ಯೋಚಿಸಲೆಂದು ಸುಮ್ಮನಾದರು. ಆ ಮೌನದಲ್ಲಿ ಲೊಸಾಳ ಗೊರಕೆ ಉತ್ತರ ಕೊಟ್ಟಿತು.

ಹಿಂದೆ ಕೂತಿದ್ದ ಅತ್ತೆ ತಿಲೊಮಾಯಿ ಬೀಸಣಿಗೆಯ ಹಿಡಿಯಿಂದ ತಿವಿದಳು. ಲೊಸಾ ಬೆಚ್ಚಿಬಿದ್ದು ಎದ್ದು ನಿಂತಳು. ಹಾಡಿನ ಸರದಿ ಬಂತೆಂದುಕೊಂಡು ಗಟ್ಟಿ ಗಂಟಲಲ್ಲಿ ಕೀರ್ತನೆ ಶುರುಮಾಡಿಯೂಬಿಟ್ಟಳು. ಒಂದು ಸಾಲು ಮುಗಿದ ಮೇಲೆ, ಜೊತೆಗೆ ಯಾರೂ ಹಾಡುತ್ತಿಲ್ಲ ಎಂಬುದು ತಿಳಿದು ಕೂತಳು.

ಆರಾಧನೆ ಮುಗಿಯಿತು. ಮೆಟ್ಟಿಲ ಮೇಲೆ ಪಾದ್ರಮ್ಮ ಎಸೆತಾ ಕಾದಿದ್ದರು. ಅವರು ಪಾದ್ರಿಗಳ ಹೆಂಡತಿ ಮಾತ್ರವಲ್ಲ, ಊರಿನ ಮಹಿಳಾ ಸಮಿತಿಯ ಅಧ್ಯಕ್ಷೆ ಕೂಡ. ಯಾರ ಮನೆಯ ಚಾಪೆ ಬಿಸಿಲು ಕಂಡಿಲ್ಲ, ಯಾರ ಮನೆಯ ಕಕ್ಕಸು ತೊಳೆದಿಲ್ಲ ಎಂದು ಮನೆಮನೆ ಹೊಕ್ಕು ನೋಡಿ ಬರುವ ಸಮಿತಿ ಅದು. ಅದರ ಮಾತನ್ನು ಊರ ಮುಖಂಡರೂ ಮೀರುವುದಿಲ್ಲ. ಅವರ ಹೆಂಡತಿಯರೆಲ್ಲ ಅದರೊಳಗೇ ಇದ್ದಾರೆ.

"ಏನು ತಿಲೊಮಾಯಿ, ನಿನ್ನ ಸೊಸೆಗೆ ನಮ್ಮ ಯಜಮಾನ್ರ ಪ್ರಸಂಗ ರುಚಿಸ್ಲಿಲ್ವೋ?"

ತಿಲೊಮಾಯಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅಯ್ಯೋ, ಎಲ್ಲಾದ್ರೂ ಉಂಟೇ ಅಮ್ಮಾವ್ರೇ! ಹುಡುಗಿ ರಾತ್ರಿಯೆಲ್ಲ ಕಣ್ಣೇ ಮುಚ್ಚಲ್ಲ. ತಿಂಗಳಾಯ್ತು. ಹೊರಳ್ತಾಳೆ, ಏಳ್ತಾಳೆ, ಕೂರ್ತಾಳೆ. ಇವತ್ತು ಅವರ ಪ್ರಸಂಗ ಕೇಳಿದ್ಮೇಲೇನೇ ಅವಳ ಜೀವಕ್ಕೆ ಒಂಚೂರು ನೆಮ್ಮದಿ ಸಿಕ್ಕಿದ್ದು."

"ತಿಂಗಳಿಂದ ನಿದ್ದೆ ಇಲ್ವಾ? ಸಮಿತಿಗ್ಯಾಕೆ ಹೇಳ್ಲಿಲ್ಲ?"

"ಏನಿಲ್ಲ ಅಮ್ಮಾವ್ರೇ, ಬಸುರೀಲಿ ಇದೆಲ್ಲ ಇದ್ದದ್ದೇ," ಎಂದಳು ಲೊಸಾ.

"ನೀನು ಸುಮ್ನಿರು ಮಗಳೇ. ನಿದ್ದೆಗೆಟ್ಟೋರಿಗೆ ಏನು ಗೊತ್ತಾಗತ್ತೆ?" ಎಂದ ಪಾದ್ರಮ್ಮ ಸುತ್ತ ನಿಂತಿದ್ದ ಹೆಂಗಸರ ಕಡೆ ತಿರುಗಿದರು. ಬಿಳಿ ಟೋಪಿಗಳೆಲ್ಲ ಒಂದು ಕಡೆ ವಾಲಿದವು. ಲೊಸಾ ಅತ್ತೆಯ ಕೈ ಹಿಡಿದು ಎಳೆದುಕೊಂಡು ಮನೆಗೆ ನಡೆದಳು.

ನಿದ್ದೆ ಇಲ್ಲದ್ದು ನಿಜ. ಎಡಮಗ್ಗುಲಾದರೆ ಸೊಂಟ ನೋಯುತ್ತಿತ್ತು, ಬಲಮಗ್ಗುಲಾದರೆ ಎದೆ ಉರಿಯುತ್ತಿತ್ತು, ಅಂಗಾತ ಮಲಗಬಾರದೆಂದು ನರ್ಸಿನ ಅಪ್ಪಣೆ. ಹೇಗೋ ಒಂದು ಭಂಗಿಗೆ ಮೈ ಒಗ್ಗಿತು ಅನ್ನುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅದು ಬಿಟ್ಟರೆ ಉಚ್ಚೆಗೆ ಏಳಬೇಕು. ಹೋಗಿ ಬಂದು ಮಲಗಿದರೆ ಹೊಟ್ಟೆಯೊಳಗಿನವರಿಗೆ ಬೆಳಗಾಗಿರುತ್ತಿತ್ತು. ಪಕ್ಕದಲ್ಲಿ ಗಂಡ ಲಫಾಯೆಲೆ ಮಾತ್ರ ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ ಹೋಗುತ್ತಿದ್ದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಕೆಲವು ಸಲ ಅವನ ಮೂಗು ಹಿಡಿದುಬಿಡಬೇಕೆಂದು ಲೊಸಾಗೆ ಅನ್ನಿಸಿದ್ದುಂಟು.

ಶುಕ್ರವಾರ ಅದೇ ಊರಿನ ನರ್ಸ್ ಪೆಲೆನಿ ಬಿಪಿ ನೋಡಿ ಹುಬ್ಬು ಗಂಟಿಕ್ಕಿದ್ದಳು. ಕೊಂಚ ಏರಿತ್ತು. ಪಾದವೂ ಊದಿತ್ತು.

"ನೋಡೇ ಲೊಸಾ, ಎಡಮಗ್ಗುಲಿಗೆ ಮಲಕ್ಕೋ, ಮಂಡಿ ಮಧ್ಯ ಒಂದು ದಿಂಬು ಇಟ್ಕೋ, ಕೋಕೋ ಮುಟ್ಟಬೇಡ. ಹಗಲೋ ರಾತ್ರಿಯೋ, ಒಟ್ಟು ನಿದ್ದೆ ಮಾಡು. ಭಾನುವಾರ ಸಂಜೆ ಬಂದು ಮತ್ತೆ ನೋಡ್ತೀನಿ. ಇಳೀದೆ ಇದ್ರೆ ಹೆರಿಗೆ ತನಕ ಆಸ್ಪತ್ರೇಲಿ ಇರಬೇಕಾಗತ್ತೆ."

ಆಸ್ಪತ್ರೆ ಎಂದರೆ ಲೊಸಾಗೆ ಜೀವ ಹೋಗುವಷ್ಟು ಭಯ. ದ್ವೀಪದ ಆ ತುದಿ, ಗುರುತಿಲ್ಲದ ಜನ, ಔಷಧದ ವಾಸನೆ. ಅವಳು ಹುಟ್ಟಿದಂದಿನಿಂದ ನಾಲ್ಕು ಜನರ ನಡುವೆ ಚಾಪೆಯ ಮೇಲೆ ಮಲಗಿದವಳೇ ಹೊರತು ಒಬ್ಬಳೇ ಮಂಚದ ಮೇಲೆ ಮಲಗಿದವಳಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನದ ಮೇಲೆ ಅವಳು ಆಸೆಯೆಲ್ಲ ಇಟ್ಟುಕೊಂಡಿದ್ದಳು. ಭಾನುವಾರದ ಊಟ ಮುಗಿಸಿದ ಸಾತಾಫಾದಲ್ಲಿ ಅಲ್ಲಾಡುವುದು ಬಾಳೆ ಎಲೆ ಮಾತ್ರ. ಕಾದ ಕಲ್ಲಿನ ಒಲೆಯಲ್ಲಿ ಬೆಂದ ಹಂದಿ, ಕೆಸುವಿನ ಗಡ್ಡೆ, ಎಲೆಯಲ್ಲಿ ಕಟ್ಟಿ ಬೇಯಿಸಿದ ತೆಂಗಿನಹಾಲು ಹೊಟ್ಟೆಗಿಳಿದ ಮೇಲೆ ನಾಯಿಗಳೂ ಬೊಗಳುವುದಿಲ್ಲ. ಆಗಲೂ ನಿದ್ದೆ ಬಾರದಿದ್ದರೆ ಇನ್ನು ಯಾವಾಗ?

ಊಟವಾಯಿತು. ಲೊಸಾ ಕಂಬಗಳ ನಡುವಿನ ತೆಂಗಿನ ತಟ್ಟಿಗಳನ್ನು ಇಳಿಬಿಟ್ಟಳು. ಎಡಮಗ್ಗುಲಾದಳು. ಮಂಡಿಯ ನಡುವೆ ದಿಂಬಿಟ್ಟಳು. ಸಮುದ್ರದ ಗಾಳಿ ಹಿತವಾಗಿತ್ತು. ಹೊಟ್ಟೆಯೊಳಗೂ ಊಟದ ವಿರಾಮ. ನಿದ್ದೆ ಅನ್ನುವುದು ಮೆಟ್ಟಿಲ ತನಕ ಬಂದು ಚಪ್ಪಲಿ ಕಳಚುತ್ತಿತ್ತು.

"ತಿಲೊಮಾಯೀ! ಮಲಗಿದೀರೇನು?"

ತಟ್ಟಿ ಎತ್ತಿ ಪಾದ್ರಮ್ಮ ಒಳಗೆ ಬಂದರು. ಕೈಯಲ್ಲಿ ಹಬೆಯಾಡುವ ಕೋಕೋ ಪಾತ್ರೆ. ಗೋಡೆಯೇ ಇಲ್ಲದ ಮನೆಗೆ ಬಾಗಿಲು ಹಾಕಿಕೊಳ್ಳುವುದು ಹೇಗೆ? ನಿದ್ದೆ ಮತ್ತೆ ಚಪ್ಪಲಿ ಮೆಟ್ಟಿ ಹೊರಟುಹೋಯಿತು.

ಪಾದ್ರಿಗಳ ಹೆಂಡತಿ ಮನೆಗೆ ಬಂದರೆ ಸೊಸೆ ಮಲಗಿರುವುದುಂಟೇ? ಲೊಸಾ ಎದ್ದು, ಅತಿಥಿಯೆದುರು ಕಾಲು ಚಾಚುವಂತಿಲ್ಲವಾದ್ದರಿಂದ ಹೇಗೋ ಚಕ್ಕಳಮಕ್ಕಳ ಹಾಕಿ ಕೂತಳು. ತಿಲೊಮಾಯಿ ಕಣ್ಣುಜ್ಜಿಕೊಂಡು ಎದ್ದು ಸ್ವಾಗತದ ಮಾತು ಆಡಿದಳು. ಅತಿಥಿಯ ಮನೆತನ, ಚರ್ಚಿನ ಹಿರಿಮೆ, ದೇವರ ಕೃಪೆ, ತಮ್ಮ ಬಡತನ ಒಂದೊಂದನ್ನೂ ಕ್ರಮವಾಗಿ ಹೇಳಿ ಮುಗಿಸಿದಳು. ಪಾದ್ರಮ್ಮ ಅದಕ್ಕೆ ಅಷ್ಟೇ ಉದ್ದದ ಉತ್ತರ ಕೊಟ್ಟರು. ಅಷ್ಟರಲ್ಲಿ ಲೊಸಾಳ ಎರಡೂ ಕಾಲು ಜೋಮು ಹಿಡಿದಿದ್ದವು.

"ತಗೋ ಮಗಳೇ, ಇದು ನಮ್ಮಜ್ಜಿ ಕಾಲದ ಮದ್ದು. ಗಟ್ಟಿ ಕೋಕೋ, ಬಿಸಿಬಿಸಿ. ಕುಡಿದೋರು ಹಾಗೇ ಉರುಳ್ಕೋತಾರೆ."

"ನರ್ಸು ಕೋಕೋ ಬೇಡ ಅಂದಿದಾಳೆ ಅಮ್ಮಾವ್ರೇ..."

"ಪೆಲೆನಿ ನಿನ್ನೆ ಮೊನ್ನೆ ಹುಟ್ಟಿದೋಳು. ಈ ಕೋಕೋ ಹುಟ್ಟಿ ಎಷ್ಟು ತಲೆಮಾರಾಯ್ತು?"

ಪಾದ್ರಮ್ಮನ ಕೈಯಿಂದ ಬಂದದ್ದನ್ನು ಬೇಡವೆನ್ನುವ ಎದೆ ಆ ಊರಲ್ಲಿ ಯಾರಿಗೂ ಇಲ್ಲ. ಲೊಸಾ ಕುಡಿದಳು. ಇನ್ನೊಂದು ಲೋಟ ಬಂತು. ಅದನ್ನೂ ಕುಡಿದಳು. ಕಣ್ಣುಗಳು ಲಾಟೀನಿನ ಹಾಗೆ ಬೆಳಗತೊಡಗಿದವು.

ಆಗ ಸವೇಲಿನಾ ಅಜ್ಜಿ ಬಂದಳು. ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದವಳು. ನೀವುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ತೆಂಗಿನೆಣ್ಣೆಯ ಬಾಟಲಿ ನೆಲಕ್ಕಿಟ್ಟು, ಲೊಸಾಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಯಾವಳೇ ಇವಳಿಗೆ ಕೋಕೋ ಕುಡಿಸ್ದೋಳು? ಒಳಗೆ ಮಗು ಎದ್ದು ಕುಣೀತಿದೆ!"

"ನಾನು ಕುಡಿಸ್ದೆ," ಎಂದರು ಪಾದ್ರಮ್ಮ.

"ಒಳ್ಳೇದಾಯ್ತು ಬಿಡಿ," ಎಂದಳು ಅಜ್ಜಿ ತಡಮಾಡದೆ. "ಮಗೂಗೂ ಒಂದಿಷ್ಟು ಕೈಕಾಲು ಆಡ್ಬೇಕಲ್ಲ."

ಅಜ್ಜಿಯ ಕೈ ಪಾದಕ್ಕೆ ಬಿತ್ತು, ಮೀನಖಂಡಕ್ಕೆ ಬಿತ್ತು, ಸೊಂಟಕ್ಕೆ ಬಿತ್ತು. ಲೊಸಾಗೆ ಹಾಯೆನಿಸಿತು. ಎರಡು ಲೋಟ ಕೋಕೋವನ್ನೂ ಮೀರಿ ರೆಪ್ಪೆ ಭಾರವಾಯಿತು. ಆದರೆ ಅಜ್ಜಿಗೆ ಕೈ ಆಡಬೇಕಾದರೆ ಬಾಯಿಯೂ ಆಡಬೇಕು.

"ನಿನ್ನ ಗಂಡನ್ನ ಹೊರಗೆ ತಂದಿದ್ದೂ ಈ ಕೈಯೇ ಕಣೇ. ತಲೆ ಇಷ್ಟು ದಪ್ಪ. ಒಂದು ಹಗಲು, ಒಂದು ರಾತ್ರಿ! ಇವಳು, ನಿಮ್ಮತ್ತೆ, ಕಿರಿಚಿದ್ದು ಪಕ್ಕದೂರಿಗೆ ಕೇಳಿತ್ತು. ನಿದ್ದೆ ಬಂತಾ?"

"ಬರ್ತಿತ್ತು ಅಜ್ಜಿ."

"ಬರ್ತಿತ್ತಾ? ಎಲ್ಲಿ ಹೋಯ್ತು?"

ಅಷ್ಟರಲ್ಲಿ ತಟ್ಟಿಗಳು ಒಂದೊಂದಾಗಿ ಎದ್ದವು. ಮಹಿಳಾ ಸಮಿತಿಗೆ ಸಮಿತಿಯೇ ಬಂದಿತ್ತು. ಕೈಯಲ್ಲಿ ಬೀಸಣಿಗೆ, ಕಂಕುಳಲ್ಲಿ ಚಾಪೆ. ಮತ್ತೆ ಸ್ವಾಗತದ ಮಾತು, ಮತ್ತೆ ಉತ್ತರ. ಸೊಸೆ ಮತ್ತೆ ಚಕ್ಕಳಮಕ್ಕಳ.

ಮುಂದಾಳಾಗಿ ಬಂದವಳು ಪಕ್ಕದ ಮನೆಯ ವಯೋಲಾ. ಸಮಿತಿಯ ಗಂಟೆ ಬಾರಿಸುವ ಕೆಲಸ ಅವಳದು. ಗಂಟೆ ಎಂದರೆ ಜೀಗುಜ್ಜೆ ಮರಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರು. ಸಂಜೆಯ ಪ್ರಾರ್ಥನೆಗಾಗಲಿ, ಸಭೆಗಾಗಲಿ, ಚಂಡಮಾರುತಕ್ಕಾಗಲಿ ಕಬ್ಬಿಣದ ಸರಳಿನಿಂದ ಅದನ್ನೇ ಬಡಿಯುವುದು. ವಯೋಲಾಳ ತೋಳು ಅದಕ್ಕೆ ತಕ್ಕಂತೆ ಇತ್ತು.

"ನನ್ನ ಕೇಳಿದ್ರೆ ಇದು ದೆವ್ವದ್ದೇ ಕಾಟ," ಎಂದಳು ವಯೋಲಾ. "ಬಸುರಿ ಹೆಂಗಸು ಕೂದಲು ಬಿಟ್ಕೊಂಡು ಒಬ್ಳೇ ಎಲ್ಲೋ ಹೋಗಿರ್ಬೇಕು. ಹಿಂದೆ ಬಂದಿದೆ."

"ಒಬ್ಳೇ ಹೋಗಿದ್ಯೇನೇ?" ತಿಲೊಮಾಯಿ ಗಾಬರಿಯಾದಳು.

"ಎಲ್ಲಿ ಅತ್ತೆ ಒಬ್ಳೇ ಇರೋಕೆ ಆಗತ್ತೆ ನಂಗೆ!" ಎಂದಳು ಲೊಸಾ. ಆ ಮಾತಿನಲ್ಲಿದ್ದ ದುಃಖ ಯಾರಿಗೂ ತಿಳಿಯಲಿಲ್ಲ. ಇಬ್ಬರು ಹಿಂದೆ ಕೂತು ಅವಳ ಕೂದಲನ್ನು ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆದರು. ಈಗ ಕಣ್ಣು ಮುಚ್ಚಬೇಕೆಂದರೂ ರೆಪ್ಪೆ ಕೆಳಗೆ ಬರುತ್ತಿರಲಿಲ್ಲ.

ಪಾದ್ರಮ್ಮ ಬೀಸಣಿಗೆಯಿಂದ ಚಾಪೆ ತಟ್ಟಿದರು. "ಸಮಿತಿಯ ತೀರ್ಮಾನ ಏನಪ್ಪಾ ಅಂದ್ರೆ, ಲೊಸಾ ಇವತ್ತು ನಿದ್ದೆ ಮಾಡ್ಲೇಬೇಕು. ನಮ್ಮೂರ ಹುಡುಗಿ ಆಸ್ಪತ್ರೆ ಸೇರಿದ್ರೆ ಪಕ್ಕದೂರಿನ ಸಮಿತಿಯೋರು ಏನಂತಾರೆ? ಬಸುರೀನ ನೋಡ್ಕೊಳ್ಳಕ್ಕೂ ಬರಲ್ಲ ಅಂತಾರೆ. ಸಂಜೆ ತನಕ ಊರಲ್ಲಿ ಒಂದು ಪಿಟ್ ಅನ್ನೋ ಶಬ್ದ ಆಗ್ಬಾರ್ದು. ವಯೋಲಾ, ಊರಿಗೆ ತಿಳಿಸು."

ಊರು ಆಗಲೇ ಮಲಗಿದೆ ಎಂದು ಹೇಳಲು ಲೊಸಾ ಬಾಯಿ ತೆರೆದಳು. ವಯೋಲಾ ಆಗಲೇ ಮರದ ಕೆಳಗಿದ್ದಳು.

ಢಣ್! ಢಣ್! ಢಣ್! ಢಣ್!

ಸಾತಾಫಾದ ಶಿಶುಗಳೆಲ್ಲ ಒಟ್ಟಿಗೆ ಅತ್ತವು. ಹಂದಿಗಳು ಬೇಲಿ ಮುರಿದವು. ಯಾವ ಹೊತ್ತೆಂದು ತಿಳಿಯದೆ ಹುಂಜಗಳೆಲ್ಲ ಕೂಗಿದವು. ಒಬ್ಬ ಹಿರಿಯರು ಚಂಡಮಾರುತ ಬಂತೆಂದು ಏಣಿ ಹತ್ತಿ ಸೂರಿಗೆ ಹಗ್ಗ ಬಿಗಿಯತೊಡಗಿದರು. ನಾಲ್ಕಾರು ಗಂಡಸರು ಸೊಂಟದ ಬಟ್ಟೆ ಕಟ್ಟಿಕೊಳ್ಳುತ್ತ ಓಡಿಬಂದರು.

"ಏನಾಯ್ತು? ಏನಾಯ್ತು?"

"ಲೊಸಾ ಮಲಗಿದಾಳೆ!" ಎಂದು ವಯೋಲಾ ಕೂಗಿದಳು.

"ಅಯ್ಯೋ! ಯಾವಾಗ?"

"ಈಗ ಮಲಗ್ತಾಳೆ! ಯಾರೂ ಗಲಾಟೆ ಮಾಡ್ಕೂಡ್ದು!"

"ಯಾರು ಗಲಾಟೆ ಮಾಡ್ತಿದ್ರು?"

"ನೀವೇ ಮಾಡ್ತಿದೀರಲ್ಲ!" ಎಂದು ವಯೋಲಾ ಅವರನ್ನು ಸುಮ್ಮನಿರಿಸಲು ಇನ್ನೂ ನಾಲ್ಕು ಬಡಿದಳು.

ಇಷ್ಟಾದರೂ ಅಲ್ಲೇ ಮೂಲೆಯಲ್ಲಿ ಮಲಗಿದ್ದ ಲಫಾಯೆಲೆ ಏಳಲಿಲ್ಲ. ಒಮ್ಮೆ ಮಗ್ಗುಲು ಬದಲಿಸಿದ, ಅಷ್ಟೇ.

ಊರು ಸುಮ್ಮನಾದ ಮೇಲೆ ಸಮಿತಿ ಲೊಸಾಳ ಸುತ್ತ ಗುಂಡಗೆ ಕೂತು ಜೋಗುಳದ ಹಾಗೆ ಮೆತ್ತಗೆ ಕೀರ್ತನೆ ಹಾಡಿತು. ಆ ಊರಲ್ಲಿ ಮೆತ್ತಗೆ ಹಾಡಿ ಯಾರಿಗೂ ಅಭ್ಯಾಸವಿಲ್ಲ. ಎರಡನೆಯ ಚರಣಕ್ಕೆ ದನಿ ಸೂರು ಮುಟ್ಟಿತು. ಮೂರನೆಯ ಚರಣಕ್ಕೆ ಕೆಳಸ್ವರದವರು ಶ್ರುತಿ ಬಿಟ್ಟರೆಂದು ಮೇಲ್ಸ್ವರದವರು ಹಾಡು ನಿಲ್ಲಿಸಿದರು. ನಾವಲ್ಲ ಬಿಟ್ಟಿದ್ದು, ನೀವೇ ಓಡಿದ್ದು ಎಂದು ಜಗಳವಾಯಿತು. ತೀರ್ಪು ಕೊಡಲು ಲೊಸಾಳನ್ನೇ ಎಬ್ಬಿಸಿದರು, ಅವಳಿಗೆ ಸ್ವರಜ್ಞಾನ ಚೆನ್ನಾಗಿದೆ ಎಂದು.

ಇನ್ನು ಇದಕ್ಕೆ ಒಂದೇ ದಾರಿ ಎಂದು ಲೊಸಾ ಹೇಗೋ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ನಟಿಸಿದಳು. ಇವರೆಲ್ಲ ಎದ್ದು ಹೋಗಲಿ, ಆಮೇಲೆ ನಿಜವಾದದ್ದನ್ನು ನೋಡಿಕೊಂಡರಾಯಿತು ಎಂಬುದು ಅವಳ ಲೆಕ್ಕ.

"ಬಂತು," ಎಂದು ಪಿಸುಗುಟ್ಟಿದರು ಒಬ್ಬರು.

"ಎಲ್ಲಿ ಬಂತು? ಎಂಜಲು ನುಂಗಿದ್ಲು ನೋಡು. ನಿದ್ದೇಲಿ ಯಾರಾದ್ರೂ ನುಂಗ್ತಾರಾ?"

"ನಾನು ನುಂಗ್ತೀನಿ."

"ನೀನು ನಿದ್ದೇಲಿ ಊಟಾನೂ ಮಾಡ್ತೀಯ."

ಒಬ್ಬಳು ಖಾತ್ರಿ ಮಾಡಿಕೊಳ್ಳಲು ಲೊಸಾಳ ರೆಪ್ಪೆಯನ್ನೇ ಎತ್ತಿ ನೋಡಿದಳು. ಲೊಸಾ ಅವಳನ್ನು ನೋಡಿದಳು. ಇಬ್ಬರಿಗೂ ನಾಚಿಕೆಯಾಯಿತು.

ಸಮಿತಿ ಎದ್ದು ಹೋಗಲಿಲ್ಲ. ಬಸುರಿಯನ್ನು ಒಬ್ಬಳೇ ಬಿಟ್ಟು ಹೋಗುವುದುಂಟೇ? ಆದರೆ ಭಾನುವಾರದ ಊಟ ಅವರ ಹೊಟ್ಟೆಯಲ್ಲೂ ಇತ್ತು. ಮೊದಲು ಸವೇಲಿನಾ ಅಜ್ಜಿ ಕಂಬಕ್ಕೆ ಒರಗಿದಳು. ಬೀಸಣಿಗೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಪಾದ್ರಮ್ಮ ಲೊಸಾಳ ದಿಂಬಿನ ಇನ್ನೊಂದು ತುದಿಗೆ ತಲೆಯಿಟ್ಟರು. ಸ್ವಲ್ಪ ಹೊತ್ತಿಗೆ ಇಡೀ ದಿಂಬು ಅವರದೇ ಆಯಿತು. ತಿಲೊಮಾಯಿ ಸೊಸೆಯ ಮೇಲಿನ ಚಿಂತೆಯಿಂದ ತನಗೂ ನಿದ್ದೆಯಿಲ್ಲವೆಂದು ದಿನಾ ಹೇಳುತ್ತಿದ್ದವಳು, ಬಾಯಿ ತೆರೆದು ಮಲಗಿದಳು. ಕೊನೆಗೆ ಅಲ್ಲಿ ಕಣ್ಣು ಬಿಟ್ಟುಕೊಂಡಿದ್ದವಳು ಲೊಸಾ ಒಬ್ಬಳೇ. ಪಾದ್ರಮ್ಮನ ಮುಖದ ಮೇಲೆ ನೊಣ ಕೂರುತ್ತಿತ್ತು. ಹಾಗೆಯೇ ಬಿಡುವುದು ಮರ್ಯಾದೆಯಲ್ಲವೆಂದು ಅವಳು ಬೀಸಣಿಗೆ ತೆಗೆದುಕೊಂಡು ಬೀಸುತ್ತ ಕೂತಳು.

ಎರಡು ಲೋಟ ಕೋಕೋ ತನ್ನ ಕೆಲಸ ಮಾಡಿತು. ಉಚ್ಚೆಗೆ ಹೋಗಬೇಕಿತ್ತು. ಲೊಸಾ ಕಾಲುಗಳನ್ನು ದಾಟುತ್ತ, ಉಸಿರು ಬಿಗಿಹಿಡಿದು, ಮನೆಯ ಅಂಚಿನ ತನಕ ಬಂದಳು.

"ಒಬ್ಳೇ ಹೋಗ್ತಿದಾಳೆ!" ಎಂದು ಅಜ್ಜಿ ನಿದ್ದೆಗಣ್ಣಲ್ಲೇ ಕಿರುಚಿದಳು.

ಸಮಿತಿ ದಡಬಡಿಸಿ ಎದ್ದಿತು. ಹಿತ್ತಲಿನ ಕಕ್ಕಸಿಗೆ ಮೆರವಣಿಗೆ ಹೊರಟಿತು. ಮುಂದೆ ವಯೋಲಾ, ನಡುವೆ ಲೊಸಾ, ಹಿಂದೆ ಬೀಸಣಿಗೆಗಳು. ಒಳಗೆ ಹೋಗಿ ಅಗುಳಿ ಹಾಕಿಕೊಂಡರೆ ಹೊರಗಿನಿಂದ, "ಆಯ್ತಾ? ಏನೂ ತೊಂದ್ರೆ ಇಲ್ವಲ್ಲ? ಒಳಗೆ ಏನಾದ್ರೂ ಕಾಣ್ತಿದ್ಯಾ?" ಎಂಬ ಪ್ರಶ್ನೆ. ಊರಿಗೆ ಊರೇ ಕಾವಲು ನಿಂತಾಗ ಬರುವುದೂ ಬಾರದು. ಲೊಸಾ ಅಲ್ಲೇ ನಿಂತು ಅತ್ತುಬಿಟ್ಟಳು.

ಹೊರಗೆ ಬಂದಾಗಲೂ ಕಣ್ಣೀರು ನಿಂತಿರಲಿಲ್ಲ. "ನಂಗೆ ನಿದ್ದೆ ಬೇಕು," ಎಂದಳು. "ಇನ್ನೇನೂ ಬೇಡ. ನಿದ್ದೆ ಬೇಕು, ಅಷ್ಟೇ." ಅವಳ ಅಳು ನೋಡಿ ಹೆಂಗಸರಿಗೂ ಅಳು ಬಂತು. ಎಲ್ಲರೂ ಅವಳನ್ನು ಅಪ್ಪಿಕೊಂಡರು. ಅವರ ಪ್ರೀತಿ ಸುಳ್ಳಲ್ಲ, ಅದೇ ಕಷ್ಟ. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಬಸುರಿಗೆ ನಿದ್ದೆಯೂ ಬರುವುದಿಲ್ಲ.

ಸಂಜೆ ನರ್ಸ್ ಪೆಲೆನಿ ಬಂದು ತೋಳಿಗೆ ಪಟ್ಟಿ ಸುತ್ತಿ ಊದಿಸಿದಳು. ಇನ್ನೊಮ್ಮೆ ಊದಿಸಿದಳು. ಬಿಪಿ ಏರಿತ್ತು. ಏರದೆ ಏನು ಮಾಡೀತು?

"ಮಧ್ಯಾಹ್ನ ಮಲಗಿದ್ಯಾ?" ಎಂದು ಕೇಳಿದಳು.

"ನಾವೆಲ್ಲ ಮಲಗಿಸಿದ್ವಿ," ಎಂದರು ಪಾದ್ರಮ್ಮ.

ಪೆಲೆನಿ ಸುತ್ತ ಕೂತಿದ್ದವರನ್ನು ನೋಡಿದಳು, ಕೋಕೋ ಪಾತ್ರೆ ನೋಡಿದಳು. ಹೇಳಬೇಕೆನಿಸಿದ್ದನ್ನು ನುಂಗಿಕೊಂಡಳು; ಅವಳೂ ಅದೇ ಊರಿನಲ್ಲಿ ಬಾಳಬೇಕಾದವಳು. "ಇನ್ನು ತಡ ಬೇಡ. ಆಸ್ಪತ್ರೆಗೆ ಹೊರಡಿ. ಅಲ್ಲಿ ಮಂಚ ಕೊಡ್ತಾರೆ, ಸುತ್ತ ಪರದೆ ಎಳೀತಾರೆ. ನೋಡೋಕೆ ಬಂದೋರನ್ನ ಸಂಜೆ ಮೇಲೆ ಒಳಗೆ ಬಿಡಲ್ಲ."

ತಿಲೊಮಾಯಿ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡು ಅತ್ತಳು. ಲೊಸಾ ಮಾತ್ರ ತಲೆ ಎತ್ತಿದಳು.

"ಪರದೆ ಎಳೀತಾರಾ?"

"ಎಳೀತಾರೆ."

"ಯಾರೂ ಮಾತಾಡ್ಸಲ್ವಾ?"

"ಮಾತಾಡಿದ್ರೆ ಆಚೆ ಕಳಿಸ್ತಾರೆ."

ಲೊಸಾ ಎದ್ದಳು. ತಿಂಗಳಿಂದ ಅವಳು ಅಷ್ಟು ಚುರುಕಾಗಿದ್ದುದನ್ನು ಯಾರೂ ನೋಡಿರಲಿಲ್ಲ. ಬಟ್ಟೆ ಗಂಟು ಕಟ್ಟಿದಳು, ಗಂಡನ ಮೂಗು ಹಿಡಿದು ಎಬ್ಬಿಸಿದಳು, ಅಳುತ್ತಿದ್ದ ಅತ್ತೆಗೆ ಸಮಾಧಾನ ಹೇಳಿದಳು. ಬೆಳಿಗ್ಗೆ ಯಾವುದಕ್ಕೆ ಹೆದರಿದ್ದಳೋ ಅದೇ ಈಗ ಸ್ವರ್ಗದ ಹಾಗೆ ಕಾಣುತ್ತಿತ್ತು. ಹೆರಿಗೆಯ ತನಕ ಒಬ್ಬಳೇ, ಪರದೆಯೊಳಗೆ! ಮುಖದ ಮೇಲೆ ನಗು ಬರುತ್ತಿದ್ದುದನ್ನು ತಡೆಯಲು ತುಟಿ ಕಚ್ಚಿಕೊಂಡಳು. ಹೆಂಗಸರು ಅದನ್ನು ನೋವೆಂದುಕೊಂಡರು.

ಲಫಾಯೆಲೆಯ ಕೊಬ್ಬರಿ ಲಾರಿ ಬಂತು. ಬಸುರಿಯನ್ನು ಒಬ್ಬಳೇ ಕಳಿಸುವುದುಂಟೇ? ಸಮಿತಿ ಚಾಪೆಗಳ ಸಮೇತ ಹತ್ತಿತು. ಮುಂದಿನ ಸೀಟು ಪಾದ್ರಮ್ಮನಿಗಲ್ಲದೆ ಇನ್ನಾರಿಗೆ? ಲೊಸಾಗೆ ಹಿಂದೆ ದಿಂಬು ಹಾಸಿ, ಅತ್ತೆಯ ತೊಡೆಯ ಮೇಲೆ ತಲೆ ಇರಿಸಿದರು. ಬಸುರಿ ಇದ್ದಾಳೆಂದು ಲಫಾಯೆಲೆ ನಡಿಗೆಯ ವೇಗದಲ್ಲಿ ಲಾರಿ ಬಿಟ್ಟ.

ರಸ್ತೆಯ ಹಳ್ಳಗಳಲ್ಲಿ ಲಾರಿ ತೊಟ್ಟಿಲಿನಂತೆ ತೂಗಿತು. ಅತ್ತ ತೂಗಿತು, ಇತ್ತ ತೂಗಿತು. ಇಂಜಿನ್ನಿನ ಗುರುಗುಟ್ಟುವಿಕೆಯಲ್ಲಿ ಹೆಂಗಸರ ಮಾತು ಮುಳುಗಿಹೋಯಿತು. ಹೊಟ್ಟೆಯೊಳಗಿನವರೂ ಅದಕ್ಕೆ ಸೋತು ಸುಮ್ಮನಾದರು. ತಿಲೊಮಾಯಿ ಸುಮ್ಮನೆ ಸೊಸೆಯ ಜಡೆ ಬಿಚ್ಚಿ ತಲೆ ಸವರುತ್ತಿದ್ದಳು. ಊರ ಸೇತುವೆ ದಾಟುವ ಮೊದಲೇ ಲೊಸಾ ನಿದ್ದೆ ಹೋದಳು. ಅದು ನಿಜವಾದ ನಿದ್ದೆ, ಬಾವಿಗೆ ಬಿದ್ದ ಕಲ್ಲಿನಂಥದ್ದು. ಪಾಪದ ಹುಡುಗಿಗೆ ತಿಂಗಳಿಂದ ಬರಬೇಕಾದದ್ದೆಲ್ಲ ಒಟ್ಟಿಗೆ ಬಂತು.

ಆಸ್ಪತ್ರೆಯಲ್ಲಿ ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿದ್ದು ಅವಳಿಗೆ ಗೊತ್ತಾಗಲಿಲ್ಲ. ಡಾಕ್ಟರು ಹರೆಯದ ಹೆಣ್ಣುಮಗಳು. ಪಟ್ಟಿ ಸುತ್ತಿ ನೋಡಿದರು, ಮಗುವಿನ ಎದೆಬಡಿತ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು.

ಲೊಸಾಗೆ ಎಚ್ಚರವಾದಾಗ ಮೇಲೆ ಬಿಳಿ ಸೂರು, ಕೆಳಗೆ ಮೆತ್ತನೆ ಹಾಸಿಗೆ, ಸುತ್ತ ಹಸಿರು ಪರದೆ. ಯಾರೂ ಇಲ್ಲ. ಯಾರೆಂದರೆ ಯಾರೂ ಇಲ್ಲ. ಇಷ್ಟು ಸುಖ ಲೋಕದಲ್ಲಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಾಲು ಉದ್ದಕ್ಕೆ ಚಾಚಿದಳು, ಎಡಮಗ್ಗುಲಾದಳು, ಉಳಿದ ನಿದ್ದೆಗೆ ಕಣ್ಣು ಮುಚ್ಚಿದಳು.

ಪರದೆ ಸರಕ್ಕನೆ ಸರಿಯಿತು. ಪಾದ್ರಮ್ಮನ ನಗುಮುಖ, ಹಿಂದೆ ಅಜ್ಜಿ, ವಯೋಲಾ, ತಿಲೊಮಾಯಿ, ಸಮಿತಿ. ಕರೆದುಕೊಂಡು ಹೋಗಿ ಎಂದು ಅವರನ್ನು ಒಳಗೆ ಬಿಟ್ಟ ಡಾಕ್ಟರೂ ಪಕ್ಕದಲ್ಲಿದ್ದರು.

"ಏಳು ಮಗಳೇ! ದೇವರು ದೊಡ್ಡೋನು! ನಿನಗೆ ಏನೂ ಆಗಿಲ್ಲವಂತೆ!"

ಲೊಸಾ ಡಾಕ್ಟರ ಕಡೆ ನೋಡಿದಳು.

"ಹೌದಮ್ಮ," ಎಂದರು ಡಾಕ್ಟರು. "ಬಿಪಿ ಇಳಿದಿದೆ. ಮಗು ಚೆನ್ನಾಗಿದೆ. ಎಷ್ಟು ಒಳ್ಳೇ ನಿದ್ದೆ ಮಾಡಿದ್ರಿ! ಇಂಥ ನಿದ್ದೆ ಇದ್ರೆ ಇಲ್ಲಿ ಇರೋ ಅಗತ್ಯವೇ ಇಲ್ಲ. ಮನೆಗೆ ಹೋಗಿ, ನಿಮ್ಮ ನರ್ಸು ದಿನಾ ನೋಡ್ಕೊಳ್ಳಲಿ."

"ಇನ್ನೊಂದ್ಸಲ ನೋಡಿ ಡಾಕ್ಟ್ರೇ. ಏರಿರತ್ತೆ. ಈಗ ಖಂಡಿತ ಏರಿರತ್ತೆ."

ಡಾಕ್ಟರು ನಕ್ಕು ಮತ್ತೆ ನೋಡಿದರು. ಆ ಹಾಳು ಬಿಪಿ ಏರಿರಲಿಲ್ಲ. ಡಾಕ್ಟರು ಸಮಿತಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. "ನಿಮ್ಮೂರಲ್ಲಿ ಬಸುರಿಯರನ್ನ ಇಷ್ಟು ಚೆನ್ನಾಗಿ ನೋಡ್ಕೋತಾರೆ ಅಂತ ಗೊತ್ತಿರ್ಲಿಲ್ಲ. ನೀವೇನು ಮಾಡಿದ್ರೋ, ಹೆರಿಗೆ ತನಕ ಅದನ್ನೇ ಬಿಡದೆ ಮಾಡಿ."

ಸಮಿತಿಯ ಎದೆಯುಬ್ಬಿತು. ಲೊಸಾಳ ಎದೆ ಒಡೆಯಿತು.

"ನನ್ನ ಕೋಕೋ," ಎಂದರು ಪಾದ್ರಮ್ಮ.

"ನನ್ನ ಎಣ್ಣೆ," ಎಂದಳು ಅಜ್ಜಿ.

"ಜಡೆ ಹೆಣೆದಿದ್ದಕ್ಕೇ ದೆವ್ವ ಬಿಟ್ಟಿದ್ದು," ಎಂದಳು ವಯೋಲಾ. "ನಾನು ಬಡಿದಿದ್ದಕ್ಕೆ ಊರೂ ಸುಮ್ನಾಯ್ತು."

"ಲಾರಿ!" ಎಂದಳು ಲೊಸಾ. "ಲಾರಿ ತೂಗಿದ್ದಕ್ಕೆ ನಿದ್ದೆ ಬಂತು! ಇನ್ನು ಯಾವುದರಿಂದಾನೂ ಅಲ್ಲ!"

ಎಲ್ಲರೂ ಪಾದ್ರಮ್ಮನ ಮುಖ ನೋಡಿದರು. ಪಾದ್ರಮ್ಮ ಯೋಚಿಸಿದರು. ಅವರು ನ್ಯಾಯವಂತ ಹೆಂಗಸು, ಯಾರ ಮಾತನ್ನೂ ತಳ್ಳಿಹಾಕುವವರಲ್ಲ.

"ಯಾವುದರಿಂದ ಬಂತು ಅಂತ ನಮಗೇನು ಗೊತ್ತು? ಒಂದನ್ನ ಬಿಟ್ಟು, ಅದರಿಂದಲೇ ಬಂದಿದ್ರೆ? ಎಲ್ಲಾನೂ ಮಾಡೋಣ. ದಿನಾ ಊಟ ಆದ್ಮೇಲೆ ಮೊದಲು ಕೋಕೋ, ಆಮೇಲೆ ಎಣ್ಣೆ, ಜಡೆ, ಸಿಲಿಂಡರು, ಹಾಡು. ಎಲ್ಲ ಮುಗಿದ ಮೇಲೆ ಲಾರಿ. ನಾವೂ ಜೊತೆಗೆ ಬರ್ತೀವಿ. ವಯೋಲಾ, ನಾಳೆ ಇನ್ನೂ ಸ್ವಲ್ಪ ಜೋರಾಗಿ ಬಡಿ, ಕಡಲ ಕಡೆ ಮನೆಗಳಿಗೆ ಸರಿಯಾಗಿ ಕೇಳಿಸ್ಲಿಲ್ಲವಂತೆ."

ಹಿಂದಿರುಗುವಾಗ ಮರ್ಯಾದೆಗೆಂದು ಲೊಸಾಳನ್ನು ಮುಂದೆ, ಗಂಡನಿಗೂ ಪಾದ್ರಮ್ಮನಿಗೂ ನಡುವೆ ಕೂರಿಸಿದರು. ಅಲ್ಲಿ ಒರಗಲು ಜಾಗವಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಸಮಿತಿಯ ಗೊರಕೆ ನಾಲ್ಕೂ ಸ್ವರದಲ್ಲಿ ಕೇಳತೊಡಗಿತು. ಪಾದ್ರಮ್ಮನ ತಲೆ ಲೊಸಾಳ ಹೆಗಲಿಗೆ ಬಿತ್ತು. ಲಾರಿ ಅತ್ತ ತೂಗಿತು, ಇತ್ತ ತೂಗಿತು. ಲೊಸಾ ಕಣ್ಣು ಅಗಲಿಸಿ ದಾರಿ ನೋಡುತ್ತಿದ್ದಳು.

"ಲೊಸಾ," ಎಂದ ಲಫಾಯೆಲೆ ಮೆತ್ತಗೆ, "ನಿದ್ದೆ ಬರ್ತಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ಹಾಗಾದ್ರೆ ಏನಾದ್ರೂ ಮಾತಾಡ್ತಾ ಇರು ಮಾರಾಯ್ತಿ. ಸುಮ್ನಿರಬೇಡ. ನಂಗೆ ಕಣ್ಣು ಎಳೀತಿದೆ."